ಅವ್ವನ ಎಡೆಗೆ ಬೆಲ್ಲ ತರಲು ಹೋದದ್ದು

ಗುರುವಾರ

"ಕಾರು ಬ್ಯಾಡ, ರೈಲಲ್ಲೇ ಹೋಗಣ" ಎಂದು ಅಪ್ಪ ಹಟ ಹಿಡಿದರು. 2023ರಲ್ಲಿ ಹೊಸ ಹೆದ್ದಾರಿ ತೆರೆದ ಮೇಲೆ ಬೆಂಗಳೂರಿನಿಂದ ಮೈಸೂರಿಗೆ ಹೋಗುವವರಿಗೆ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಯಾವುದೂ ಎದುರಾಗುವುದಿಲ್ಲ. ಎಲ್ಲ ಊರನ್ನೂ ಬೈಪಾಸು ಹೊರಗಿನಿಂದಲೇ ದಾಟಿಸಿಬಿಡುತ್ತದೆ. "ನಿಮ್ಮವ್ವನ ಊರ್ ನೋಡಕ್ಕೆ ಅಂತ ಹೊಂಟು ಊರ್ನೇ ತಪ್ಪಿಸ್ಕೊಂಡ್ ಹೋಗದಾ?" ಎಂದು ಅವರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಅವ್ವ ತೀರಿಕೊಂಡದ್ದು ಹೋದ ವರ್ಷದ ಶ್ರಾವಣದಲ್ಲಿ. ವರ್ಷದ ಕಾರ್ಯ ಮುಗಿದ ಮೇಲೆ ಬಂದ ಮೊದಲ ಪಿತೃಪಕ್ಷ ಇದು. ಭಾನುವಾರ ಮಹಾಲಯ ಅಮಾವಾಸ್ಯೆ, ಮೈಸೂರಿನ ಮನೆಯಲ್ಲಿ ಅವಳಿಗೆ ಎಡೆ ಇಡಬೇಕು. ಕೆಲವು ತಿಂಗಳಿಂದ ಬೆಂಗಳೂರಿನ ನಮ್ಮ ಮನೆಯಲ್ಲಿದ್ದ ಅಪ್ಪನಿಗೆ ಒಂದು ಆಸೆ: ಎಡೆಯ ಸಾಮಾನನ್ನು ಅವ್ವ ಎಲ್ಲೆಲ್ಲಿಂದ ತರುತ್ತಿದ್ದಳೋ ಅಲ್ಲಿಂದಲೇ ತರಬೇಕು. ಬೆಲ್ಲ ತವರಿನ ಆಲೆಮನೆಯದು, ಪಂಚೆ ಮೇಲುಕೋಟೆಯದು, ಎಲೆ, ಹೂವು, ಬಾಳೆಹಣ್ಣು ದೇವರಾಜ ಮಾರುಕಟ್ಟೆಯವು. ಮಗಳು ಕಾಲೇಜಿಗೆ ರಜೆ ಹಾಕಿದಳು. ಮೂವರೂ ಬೆಳಗಿನ ಮೆಮು ರೈಲು ಹತ್ತಿದೆವು.

ಅಪ್ಪ ಮೈಸೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ರೈಲು ಹತ್ತಿದರೆ ಇವತ್ತಿಗೂ ಅವರ ಕಿವಿ ಚಕ್ರದ ಕಡೆಗೇ ಇರುತ್ತದೆ. ಈ ಸಲ ಮಾತ್ರ ಕಿಟಕಿಯಾಚೆ ನೋಡುತ್ತಾ ಸುಮ್ಮನೆ ಕೂತಿದ್ದರು. ಅವರ ಮನಸ್ಸಿನಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ಹನ್ನೊಂದನೇ ದಿನದ ತಿಥಿಯಲ್ಲಿ, ಉಂಡು ಕೈತೊಳೆಯುತ್ತಿದ್ದ ನೆಂಟರೊಬ್ಬರು, "ಪಾಪ, ಎಲ್ಗೂ ಹೋಗ್ನಿಲ್ಲ, ಏನೂ ನೋಡ್ನಿಲ್ಲ. ಗಂಡ ರೈಲ್ವೇಲಿದ್ರೂ ಮೈಸೂರು ಮಂಡ್ಯ ಬುಟ್ಟು ಆಚೀಗ್ ಕಾಲಿಡ್ನಿಲ್ಲ" ಎಂದುಬಿಟ್ಟರು. ಆಡಿದವರು ಮರೆತಿರುತ್ತಾರೆ. ಅಪ್ಪ ಮಾತ್ರ ಅಂದಿನಿಂದ ಆ ಮಾತನ್ನು ಎದೆಯಲ್ಲಿಟ್ಟುಕೊಂಡೇ ಓಡಾಡುತ್ತಿದ್ದಾರೆ. ವರ್ಷ ವರ್ಷ ಸಿಗುತ್ತಿದ್ದ ಪಾಸಿನಲ್ಲಿ ಕಾಶಿಗೆ, ದಿಲ್ಲಿಗೆ, ರಾಮೇಶ್ವರಕ್ಕೆ ಹೋಗಿಬರಬಹುದಿತ್ತು. ಅವ್ವ ಪ್ರತಿ ಸಲವೂ "ಮುಂದ್ಲೊರ್ಸ ನೋಡನ" ಅನ್ನುತ್ತಿದ್ದಳು.

ಮದ್ದೂರಿನಲ್ಲಿ ಬುಟ್ಟಿ ಹೊತ್ತವರು ಬೋಗಿಗೆ ಹತ್ತಿ "ವಡೇ ವಡೇ" ಎಂದು ಕೂಗುತ್ತಾ ಬಂದರು. 1917ರಲ್ಲಿ ಇದೇ ನಿಲ್ದಾಣದ ಉಪಾಹಾರ ಕೋಣೆಯಲ್ಲಿ ರಾಮಚಂದ್ರ ಬುಧ್ಯ ಎಂಬವರು ರೈಲು ಹೊರಡುವ ಆತುರಕ್ಕೆ ಹೊಂದುವ ಹಾಗೆ ವಡೆಯನ್ನು ತೆಳ್ಳಗೆ ತಟ್ಟಿ ಕರಿದದ್ದೇ ಮದ್ದೂರು ವಡೆಯಾಯಿತು ಎಂದು ಹೇಳುತ್ತಾರೆ. ಅವ್ವ ಇದನ್ನು ಎರಡು ದಿನ ಇಟ್ಟು ತಿನ್ನುತ್ತಿದ್ದಳು, ಈರುಳ್ಳಿ ಆಗ ಇನ್ನೂ ಸಿಹಿಯಾಗುತ್ತದೆ ಎಂದು. ಅಪ್ಪ ಒಂದು ಪೊಟ್ಟಣವನ್ನು ಹಾಗೆಯೇ ಕಟ್ಟಿಸಿ ಚೀಲದಲ್ಲಿಟ್ಟರು.

ಪಾಂಡವಪುರದಲ್ಲಿ ಇಳಿದೆವು. ಹೈದರ್ ಮತ್ತು ಟಿಪ್ಪುವಿನ ಕಡೆ ಕಾದಾಡುತ್ತಿದ್ದ ಫ್ರೆಂಚ್ ಸೈನಿಕರು ಬೀಡು ಬಿಟ್ಟಿದ್ದರಿಂದ ಈ ಊರಿಗೆ ಬಹಳ ಕಾಲ ಫ್ರೆಂಚ್ ರಾಕ್ಸ್ ಎಂದೇ ಹೆಸರಿತ್ತು. ನನ್ನ ಅಜ್ಜ ಕೊನೆಯವರೆಗೂ ಹಿರೋಡೆ ಎನ್ನುತ್ತಿದ್ದರು. 1972ರಲ್ಲಿ ಮದುವೆಯಾದ ಮಾರನೇ ದಿನ ಅವ್ವ ಮೊದಲ ಸಲ ರೈಲು ಕಂಡದ್ದು, ಹತ್ತಿದ್ದು ಇಲ್ಲಿಯೇ. ಆಗ ಮೀಟರ್ ಗೇಜ್, ಉಗಿ ಇಂಜಿನ್ನು. ಕಿಟಕಿಯಿಂದ ತಲೆ ಹೊರಗೆ ಹಾಕಿದ ಮದುವಣಗಿತ್ತಿಯ ಸೆರಗಿಗೆ ಕಿಡಿ ಹಾರಿ ತೂತು ಬಿತ್ತಂತೆ. "ಬೈತೀನಿ ಅಂತ ಹೆದ್ರಿದ್ಲು. ನಾನ್ಯಾಕ್ ಬೈಲಿ, ಆ ಇಂಜಿನ್ ಬಿಚ್ಚಿ ಜೋಡ್ಸೋರ್ ನಾವೇ" ಎಂದು ಅಪ್ಪ ಮೊಮ್ಮಗಳಿಗೆ ಹೇಳಿದರು. ಅವ್ವ ಮದುವೆಯಾದದ್ದು ಮೈಸೂರು ರಾಜ್ಯದಲ್ಲಿ. ನಾನು ಹುಟ್ಟುವ ಹೊತ್ತಿಗೆ ರಾಜ್ಯದ ಹೆಸರು ಕರ್ನಾಟಕವಾಗಿತ್ತು.

ಅವ್ವನ ತವರು ಮೇಲುಕೋಟೆ ರಸ್ತೆಯಲ್ಲಿದೆ. ಸೋದರಮಾವ ಸ್ಟೇಷನ್ನಿಗೇ ಬಂದಿದ್ದರು. ವಿಶ್ವೇಶ್ವರಯ್ಯ ನಾಲೆಯ ನೀರು ಬಿಟ್ಟಿದ್ದರಿಂದ ದಾರಿಯ ಎರಡು ಕಡೆಯೂ ನಾಟಿ ಮಾಡಿದ ಭತ್ತ, ಅದರಾಚೆ ಕಬ್ಬು. ಇವತ್ತು ಹಸಿರು ಮಂಡ್ಯ ಅನ್ನುವುದೆಲ್ಲ ಆ ನಾಲೆ ಬಂದ ಮೇಲಿನದು. ಅದಕ್ಕೆ ಮೊದಲು ಇಲ್ಲಿ ಮಳೆ ನಂಬಿಕೊಂಡ ರಾಗಿ, ಹುರುಳಿಯೇ ಹೆಚ್ಚು. ಅವ್ವನ ಬಾಯಿಗೆ ರುಚಿಸುತ್ತಿದ್ದುದು ಆ ಹಳೇ ಊಟವೇ. ರಾತ್ರಿ ಅತ್ತೆ ಅದನ್ನೇ ಮಾಡಿದ್ದರು: ಮುದ್ದೆ, ಹುರುಳಿಕಾಳು ಸೊಪ್ಪಿನ ಉಪ್ಸಾರು, ಒರಳಲ್ಲಿ ಅರೆದ ಖಾರ. ಒಣಮೆಣಸಿನಕಾಯಿ ಸುಟ್ಟು ಹಾಕಿ, ಬೆಳ್ಳುಳ್ಳಿ ಮುಂದಾಗಿ, ಹುಣಸೆ ಹಿಂದಾಗಿ ಅರೆಯಬೇಕು ಅನ್ನುವುದು ಅವ್ವ ಈ ಮನೆಯಲ್ಲೇ ಕಲಿತ ಲೆಕ್ಕ. ಮಗಳು ಮೊದಲ ತುತ್ತು ನುಂಗಿ, "ಅಜ್ಜಿ ಕೈದು" ಎಂದಳು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೊಂದು ಮುದ್ದೆ ಹಾಕಿದರು.

ಊಟವಾದ ಮೇಲೆ ಜಗಲಿಯ ಮೇಲೆ ಮಾತು. ಫಾಲ್ಗುಣದಲ್ಲಿ ಮೇಲುಕೋಟೆಯ ವೈರಮುಡಿ ಉತ್ಸವ ನಡೆಯುತ್ತದಲ್ಲ, ಆ ವಜ್ರದ ಕಿರೀಟ ಇರುವುದು ಮಂಡ್ಯದ ಸರ್ಕಾರಿ ಖಜಾನೆಯಲ್ಲಿ. ಉತ್ಸವದ ದಿನ ಪೊಲೀಸ್ ಕಾವಲಿನಲ್ಲಿ ಅದನ್ನು ಮೇಲುಕೋಟೆಗೆ ಒಯ್ಯುತ್ತಾರೆ, ದಾರಿಯ ಊರೂರಲ್ಲೂ ಪೂಜೆ ಸಲ್ಲುತ್ತದೆ. ಹಗಲ ಬೆಳಕು ಮುಡಿಗೆ ತಾಗಬಾರದು ಎಂದು ದೇವರಿಗೆ ಅದನ್ನು ತೊಡಿಸುವುದು ಕತ್ತಲಾದ ಮೇಲೆಯೇ. ಅವ್ವನ ಊರಿನವರು ಪೆಟ್ಟಿಗೆಗೆ ಕಾಯಿ ಒಡೆದು ಅದರ ಹಿಂದೆಯೇ ನಡೆದು ಹೋಗುತ್ತಿದ್ದರಂತೆ. "ಅಕ್ಕಂಗೆ ಎಂಟೊರ್ಸ ಇರ್ಬೇಕು, ಹೆಗಲ್ ಮ್ಯಾಲೆ ಕೂರುಸ್ಕತೀನಿ ಅಂದ್ರೂ ಒಪ್ಪ್‌ದೆ ನಡ್ಕಂಡೇ ಬಂದ್ಲು ಅಂತಿದ್ರು ಅಪ್ಪ. ಬೆಳಗಾನ ಜಾತ್ರೇಲಿ ನಿಂತು ತಿರ್ಗ ನಡ್ಕಂಡೇ ಬಂದವ್ಳೆ" ಎಂದರು ಮಾವ. ಮೊಣಕಾಲು ಹಿಡಿದು ಮೆಟ್ಟಿಲಿಳಿಯುತ್ತಿದ್ದ ಅವ್ವನನ್ನೇ ಕಂಡಿದ್ದ ನನ್ನ ಮಗಳಿಗೆ ಇದು ಹೊಸ ಅಜ್ಜಿ. ಆ ನಡಿಗೆಯ ವಿಷಯವನ್ನು ಅವಳು ಮಲಗುವವರೆಗೂ ಕೇಳುತ್ತಲೇ ಇದ್ದಳು.

ಶುಕ್ರವಾರ

ಬೆಳಗ್ಗೆ ಆಲೆಮನೆಗೆ ಹೋದೆವು. ಮಾವನದು ಸ್ವಂತದ್ದಲ್ಲ, ಪಕ್ಕದ ಊರಿನವರದು. ತಮ್ಮ ಕಬ್ಬನ್ನು ಅಲ್ಲಿಗೇ ಕೊಡುತ್ತಾರೆ. ಗಾಣದಿಂದ ಇಳಿದ ಹಾಲು ದೊಡ್ಡ ಕೊಪ್ಪರಿಗೆಯಲ್ಲಿ ಕುದಿಯುತ್ತಿತ್ತು. ಒಲೆಗೆ ಸೌದೆ ಬೇಕಿಲ್ಲ, ಹಿಂಡಿ ಒಣಗಿಸಿದ ಕಬ್ಬಿನ ರಚ್ಚನ್ನೇ ಉರಿಸುತ್ತಾರೆ. ಕುದಿ ಬರುವಾಗ ಮೇಲೆ ಏಳುವ ಕೊಳೆಯನ್ನು ಜಾಲರಿಯಲ್ಲಿ ತೆಗೆಯುತ್ತಲೇ ಇರಬೇಕು. ಹಾಲು ತಿಳಿಯಾಗಲು ಸ್ವಲ್ಪ ಸುಣ್ಣ ಹಾಕುತ್ತಾರೆ. ಹಿಂದೆ ಬೆಂಡೆಗಿಡದ ಕಾಂಡವನ್ನು ಜಜ್ಜಿದ ಲೋಳೆಯನ್ನೂ ಹಾಕುತ್ತಿದ್ದರು. ಈಗ ಕೆಲವರು ಬಣ್ಣಕ್ಕೆಂದು ಏನೇನೋ ಪುಡಿ ಸುರಿಯುತ್ತಾರೆ, ಅಂಗಡಿಯಲ್ಲಿ ಹಳದಿಯಾಗಿ ಹೊಳೆಯುವ ಬೆಲ್ಲ ಅದು. ಅವ್ವ ಅದನ್ನು ಕೈಯಲ್ಲಿ ಮುಟ್ಟುತ್ತಿರಲಿಲ್ಲ. ಕಪ್ಪಗಿರಲಿ, ಮುರಿದಾಗ ಕಾಳು ಕಾಳಾಗಿರಲಿ, ಅಷ್ಟೇ ಅವಳಿಗೆ ಬೇಕಾದ್ದು.

ಹದ ನೋಡುವವರು ಒಂದು ತೊಟ್ಟು ಪಾಕವನ್ನು ನೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡಿದರು. "ಆಯ್ತು, ಇಳ್ಸಿ" ಎಂದರು. ನಾಲ್ಕು ಜನ ಕೊಪ್ಪರಿಗೆಯನ್ನು ಎತ್ತಿ ಬಗ್ಗಿಸಿದರು. ಪಾಕ ಹರಡಿಕೊಂಡು, ಮರದ ಸಲಿಕೆಯಲ್ಲಿ ಕೆದಕಿದಂತೆಲ್ಲ ಬಿಗಿಯಾಗುತ್ತಾ ಬಂತು. ಆ ಬಿಸಿಯಲ್ಲೇ ಅಚ್ಚಿಗೆ ತುಂಬಿದರು.

ಅಲ್ಲಿ ಕಬ್ಬಿನ ಹೊರೆಯ ಮೇಲೆ ಕೂತು ಮಾವ ಒಂದು ಮಾತು ತೆಗೆದರು. "ಭಾವ, ನಿಮ್ಗೆ ಗೊತ್ತಿರ್ಬೋದು, ಇಲ್ದೇನೂ ಇರ್ಬೋದು. ಅಕ್ಕ ಇರೋಗಂಟ ಹೇಳ್‌ಬ್ಯಾಡ ಅಂದಿದ್ಲು, ಅದ್ಕೇ ಬಾಯ್ ಮುಚ್ಕಂಡಿದ್ದೆ" ಎಂದು ಶುರು ಮಾಡಿದರು.

ಅಜ್ಜ ತೀರಿಕೊಂಡದ್ದು 2006ರಲ್ಲಿ. ಅದರ ಹಿಂದಿನ ವರ್ಷವಷ್ಟೇ ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಿದ್ದುಪಡಿಯಾಗಿ, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಬಂದಿತ್ತು. ಊರೂರಿನಲ್ಲಿ ಅಕ್ಕತಂಗಿಯರನ್ನು ಕರೆಸಿ ಅರಿಶಿನ ಕುಂಕುಮ, ಒಂದು ಸೀರೆ ಕೊಟ್ಟು ಖುಲಾಸೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಿದ್ದ ಕಾಲ. ಮಾವನೂ ಕರೆಸಿದರು. ಅವ್ವ ಮೈಸೂರಿನಿಂದ ಒಬ್ಬಳೇ ಬಂದಳು. ಸೀರೆ ಬೇಡ ಅಂದಳಂತೆ. ಆಗ ಮಾವನ ಮಗಳು ಪಿಯುಸಿ ಮುಗಿಸಿ ಮನೆಯಲ್ಲಿದ್ದಳು, ಗಂಡು ಗೊತ್ತಾಗಿತ್ತು, ಮಾತುಕತೆ ಆಗಬೇಕಿತ್ತು ಅಷ್ಟೆ.

"ಸಬ್‌ರಿಜಿಸ್ಟ್ರಾರ್ ಆಫೀಸ್ ಮುಂದೆ ನಿಂತ್ಕಂಡು, 'ನನ್ ಪಾಲು ನಿಂಗೆ ಬುಟ್ಟಿವ್ನಿ. ಅದ್ರ ದುಡ್ಡ್ನ ಈ ಮಗೀಗ್ ಹಾಕು, ನರ್ಸಿಂಗ್ ಓದ್ಸು. ಓದ್ಸೀನಿ ಅಂತ ಇವತ್ತು ನನ್ ಮುಂದೆ ಅನ್ನು, ಸೈನ್ ಹಾಕ್ತೀನಿ. ಇಲ್ಲಾಂದ್ರೆ ಈಗ್ಲೇ ಬಸ್ ಹತ್ತೀನಿ' ಅಂದ್ಲು. ನಂಗೆ ಸಿಟ್ಟೂ ಬಂತು, ನಾಚ್ಕೇನೂ ಆಯ್ತು. ಅನ್ನಿಸ್ಕಂಡೇ ಸೈನ್ ಹಾಕದ್ಲು."

ಅಪ್ಪನಿಗೆ ಇದು ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಆ ಮಗು ಈಗ ಮೈಸೂರಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸು. ಅವ್ವನ ಕಿಡ್ನಿ ಕೈಕೊಟ್ಟ ಆ ಕೊನೆಯ ವಾರಗಳಲ್ಲಿ ಅವಳು ರಾತ್ರಿಪಾಳಿ ಕೇಳಿ ಹಾಕಿಸಿಕೊಂಡು ಹಗಲೆಲ್ಲ ಅವ್ವನ ಹಾಸಿಗೆಯ ಪಕ್ಕದಲ್ಲಿರುತ್ತಿದ್ದಳು. ನಿದ್ದೆ ಯಾವಾಗ ಮಾಡುತ್ತಿದ್ದಳೋ. ಸೋದರತ್ತೆಯ ಮೇಲಿನ ಪ್ರೀತಿ ಎಂದಷ್ಟೇ ಆಗ ನಾವು ತಿಳಿದದ್ದು.

ಆಲೆಮನೆಯಿಂದ ಹೊರಟಾಗ ಮಗಳ ತೊಡೆಯ ಮೇಲೆ ಬೆಲ್ಲದ ಬುಟ್ಟಿ. ಇನ್ನೂ ಬಿಸಿ ಇತ್ತು.

ಮಧ್ಯಾಹ್ನ ಮೇಲುಕೋಟೆ. ರಾಮಾನುಜಾಚಾರ್ಯರು ಸುಮಾರು ಹನ್ನೆರಡು ವರ್ಷ ಇದ್ದ ಜಾಗ, ಚೆಲುವನಾರಾಯಣನ ಊರು. ಇದರ ಬಗ್ಗೆ ಬರೆದವರು ಬಹಳ ಜನ ಇದ್ದಾರೆ, ನಾನು ಹೆಚ್ಚು ಹೇಳುವುದಿಲ್ಲ. ಅಂಗಡಿಯಲ್ಲಿ ಅಪ್ಪ ಕೈಮಗ್ಗದ ಪಂಚೆಗಳನ್ನು ಬಿಚ್ಚಿಸಿ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಅವ್ವ ಹಾಗೆಯೇ ನೋಡುತ್ತಿದ್ದಳು. ಹೊಲಿಯುವವಳು, ಬಟ್ಟೆಯನ್ನು ಕಣ್ಣಿಗಿಂತ ಬೆರಳಲ್ಲೇ ಆರಿಸುತ್ತಿದ್ದಳು. ಎಡೆಗೆ ಅವ್ವನಿಗೊಂದು ಸೀರೆ ಆಗಲೇ ಇತ್ತು. ಪಂಚೆ ಅಜ್ಜನಿಗೆ. ಎಡೆಯೆಂದರೆ ಒಬ್ಬರಿಗೇ ಇಡುವುದಲ್ಲ, ಮನೆಯ ಹಿರಿಯರಿಗೆಲ್ಲ. ಮಗಳು ಯೋಗನರಸಿಂಹನ ಬೆಟ್ಟ ಹತ್ತಿ ಬರುತ್ತೇನೆಂದು ಹೋದಳು. ನಾನೂ ಅಪ್ಪನೂ ಕಲ್ಯಾಣಿಯ ಮೆಟ್ಟಿಲ ಮೇಲೆ ಪುಳಿಯೋಗರೆಯ ದೊನ್ನೆ ಹಿಡಿದು ಕೂತೆವು.

ಬಹಳ ಹೊತ್ತು ಮಾತಾಡದೆ ಇದ್ದ ಅಪ್ಪ, "ನಂಗೊಂದ್ ಮಾತೂ ಹೇಳ್ಲಿಲ್ಲ ನೋಡು" ಎಂದರು.

"ಹೇಳಿದ್ರೆ ಬ್ಯಾಡ ಅಂತಿದ್ರಾ?"

ಅವರು ತಕ್ಷಣ ಉತ್ತರ ಕೊಡಲಿಲ್ಲ. "ಆಗ ಮನೆ ಸಾಲ ತೀರಿರಲಿಲ್ಲ. ನಿನ್ ತಮ್ಮಂದು ಓದು ಬೇರೆ. ಆ ಪಾಲ್ ತಕೊಂಡ್ರೆ ಸಾಲ ತೀರ್ಸ್‌ಬೋದಿತ್ತು ಅಂತಿದ್ದೆ. ಅಂದೇ ಅಂತಿದ್ದೆ. ಅವಳ್ಗೆ ಅದು ಗೊತ್ತಿತ್ತು."

ಅಷ್ಟು ಹೇಳಿ, ತಿನ್ನದೆ ಉಳಿದಿದ್ದ ದೊನ್ನೆಯನ್ನು ನನ್ನ ಕೈಗೆ ಕೊಟ್ಟರು. ಆ ನೆಂಟರ ಮಾತನ್ನು ಅಂದಿನಿಂದ ಮೊದಲ ಸಲ ತಾವೇ ಎತ್ತಿದ್ದೂ ಆಗಲೇ. "ಏನೂ ನೋಡ್ಲಿಲ್ಲ ಅಂದ್ನಲ್ಲ ಅವ್ನು. ಅವನಿಗೇನ್ ಗೊತ್ತು, ಅವಳು ಏನ್ ನೋಡಿದ್ಲು ಅಂತ."

ಶನಿವಾರ

ಮಾವ ಕಾರಿನಲ್ಲಿ ಮೈಸೂರಿಗೆ ಬಿಡುತ್ತೇನೆಂದರು. ಕನ್ನಂಬಾಡಿಯ ಮೇಲೆ ಹೋಗೋಣ ಎಂದವರು ಅಪ್ಪ. ಕೆಆರ್‌ಎಸ್ ಈ ಸಲ ಜೂನ್‌ನಲ್ಲೇ ತುಂಬಿತ್ತು. 124.80 ಅಡಿ ಎಂಬ ಸಂಖ್ಯೆ ನಮ್ಮ ಕಡೆಯ ಮಕ್ಕಳಿಗೂ ಬಾಯಿಪಾಠ, ಬೆಳಗಿನ ಪೇಪರಿನಲ್ಲಿ ಎಲ್ಲರೂ ಮೊದಲು ನೋಡುವುದು ಅಣೆಕಟ್ಟೆಯ ಮಟ್ಟವನ್ನೇ. ಮಂಡ್ಯ ಬಿಟ್ಟು ಮೈಸೂರಿಗೆ ಬಂದ ಮೇಲೂ ಅವ್ವ ಅದನ್ನು ಬಿಡಲಿಲ್ಲ. ಮಟ್ಟ ನೂರಡಿಗಿಂತ ಇಳಿದರೆ ಮನೆಯಲ್ಲಿ ಬಟ್ಟೆ ಒಗೆಯುವ ನೀರೂ ಅಳತೆಗೆ ಬರುತ್ತಿತ್ತು. "ನಮ್ಮೂರ್ ಗದ್ದೆಗಿಲ್ದ ನೀರು ನಮ್ಗ್ಯಾಕೆ" ಅನ್ನುತ್ತಿದ್ದಳು.

ಅವ್ವನ ಅಜ್ಜಿ ಹಳೇ ಕನ್ನಂಬಾಡಿಯವರು. 1911ರಲ್ಲಿ ಕಟ್ಟೆಯ ಕೆಲಸ ಶುರುವಾಯಿತು. ಸಿಮೆಂಟಿನ ಬದಲು ಸುರ್ಕಿ ಗಾರೆಯಲ್ಲಿ ಕಲ್ಲು ಜೋಡಿಸುತ್ತಾ ಗೋಡೆ ಎದ್ದಂತೆ ಆ ಊರು ನೀರಿಗೆ ಹೋಯಿತು. ಅಜ್ಜಿಯನ್ನು ಹಸುಗೂಸಾಗಿ ಗಾಡಿಯಲ್ಲಿ ಹಾಕಿಕೊಂಡು ಬಂದರಂತೆ. ಹೊಯ್ಸಳರ ಕಾಲದ ವೇಣುಗೋಪಾಲನ ಗುಡಿ ಕೂಡ ಮುಳುಗಿತ್ತು. ಬರ ಬಿದ್ದ ವರ್ಷ ನೀರು ಸರಿದಾಗ ಮೇಲೆ ಕಾಣುತ್ತಿತ್ತು. ಅಂಥದ್ದೊಂದು ಬೇಸಿಗೆಯಲ್ಲಿ ಅಜ್ಜಿ ಅವ್ವನನ್ನು ಕರೆದುಕೊಂಡು ಬಂದು, ಬಿರುಕು ಬಿಟ್ಟ ಕೆಸರಿನ ಮೇಲೆ ನಿಂತು, ಇಲ್ಲಿ ನಮ್ಮ ಮನೆ, ಇಲ್ಲಿ ಕಣ ಎಂದು ತೋರಿಸಿದ್ದರಂತೆ. ಆ ಗುಡಿಯನ್ನು ಈಗ ಕಲ್ಲು ಕಲ್ಲು ಬಿಚ್ಚಿ ತಂದು ಹೊಸ ಕನ್ನಂಬಾಡಿಯ ದಡದಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಅವ್ವನ ತವರಿನ ಗದ್ದೆಗೆ ನೀರು ಕೊಟ್ಟದ್ದೂ, ಅವಳ ಅಜ್ಜಿಯ ಮನೆಯನ್ನು ಕಿತ್ತುಕೊಂಡದ್ದೂ ಒಂದೇ ಕಟ್ಟೆ. ಅವಳು ಎರಡನ್ನೂ ಹೇಳುತ್ತಿದ್ದಳು, ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದ್ದಿಲ್ಲ.

ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಪಿತೃಪಕ್ಷದ ಜನ ತುಂಬಿದ್ದರು. ಕಾವೇರಿ ಇಲ್ಲಿ ಪಡುವಣಕ್ಕೆ ತಿರುಗುವುದರಿಂದ ಅಸ್ಥಿ ಬಿಡಲು ಎಲ್ಲರೂ ಬರುವ ಜಾಗ ಇದೇ. 1948ರ ಫೆಬ್ರುವರಿ 12ರಂದು ಗಾಂಧೀಜಿಯವರ ಚಿತಾಭಸ್ಮವನ್ನೂ ಇಲ್ಲಿ ಬಿಟ್ಟಿದ್ದರು, ಅದರ ನೆನಪಿನ ಕಟ್ಟೆ ಇದೆ. ಹೋದ ವರ್ಷ ನಾವು ಬಂದಾಗ ನೀರು ಕೆಂಪಗೆ ಏರಿತ್ತು, ಮೇಲಿನ ಮೆಟ್ಟಿಲಿಂದಲೇ ಮಡಕೆ ಬಿಡಬೇಕಾಯಿತು. ಅಪ್ಪನಿಗೆ ಆ ಕೊರಗು ಇತ್ತು. ಈ ಸಲ ತಮ್ಮನ ಹಾಗೆ ಪ್ರೀತಿಸುವ ಮಾವನ ಭುಜ ಹಿಡಿದು ಮೊಣಕಾಲುದ್ದ ನೀರಿಗೆ ಇಳಿದರು. ಬೊಗಸೆಯಲ್ಲಿ ನೀರೆತ್ತಿ ಬಿಟ್ಟರು. ಚೀಲದಿಂದ ಒಂದು ಮದ್ದೂರು ವಡೆ ತೆಗೆದು, ಮುರಿದು, ನೀರಿಗೆ ಹಾಕಿದರು. ಪಕ್ಕದಲ್ಲಿದ್ದ ಪುರೋಹಿತರು ನೋಡಿದರು, ಏನೂ ಅನ್ನಲಿಲ್ಲ. ಮೀನುಗಳು ಬಂದವು.

ಮೈಸೂರು ತಲುಪಿದ ಮೇಲೆ ಊಟ ಮಾಡಿ ದೇವರಾಜ ಮಾರುಕಟ್ಟೆಗೆ. ಚಿಕ್ಕಗಡಿಯಾರದ ಕಡೆಯಿಂದಲೇ ಒಳಗೆ ಹೋಗಬೇಕು ಎನ್ನುವುದು ಅವ್ವನ ಪದ್ಧತಿ. ಅಮಾವಾಸ್ಯೆಯ ಹಿಂದಿನ ದಿನವಾದ್ದರಿಂದ ಕಾಲಿಡಲು ಜಾಗವಿರಲಿಲ್ಲ. ಚಿಗುರೆಲೆ ಕಟ್ಟು, ಮಾರು ಲೆಕ್ಕದಲ್ಲಿ ಮಲ್ಲಿಗೆ, ಬೂದುಗುಂಬಳ, ಬಾಳೆಲೆ ತೆಗೆದುಕೊಂಡೆವು. ನಂಜನಗೂಡು ರಸಬಾಳೆಗಾಗಿ ಮಾತ್ರ ಬಹಳ ಅಲೆದೆವು. ಪನಾಮ ಸೊರಗು ರೋಗ ಮಣ್ಣಿಗೆ ಹೊಕ್ಕರೆ ವರ್ಷಗಟ್ಟಲೆ ಅಲ್ಲೇ ಉಳಿಯುತ್ತದೆ, ತೋಟ ತೋಟವೇ ಒಣಗಿ ಆ ಹಣ್ಣು ಈಗ ಅಪರೂಪ. ನನ್ನ ಚಿಕ್ಕಂದಿನಲ್ಲಿ ಅವ್ವ ಒಂದು ಚಿಪ್ಪು ತಂದರೆ ಮನೆಯಿಡೀ ವಾಸನೆ. ಕೊನೆಗೆ ಒಬ್ಬರ ಬಳಿ ಸಿಕ್ಕಿತು. ಅವರು ಕೇಳಿದ ಬೆಲೆಗೆ ನಾನು ಹಿಂದೆಮುಂದೆ ನೋಡುವಷ್ಟರಲ್ಲಿ ಅಪ್ಪ ದುಡ್ಡು ಎಣಿಸಿ ಕೊಟ್ಟಾಗಿತ್ತು.

ಹಿಂದಿರುಗುವಾಗ ದಸರಾ ಆನೆಗಳ ಸಂಜೆಯ ತಾಲೀಮು. ಅರಮನೆಯಿಂದ ಬನ್ನಿಮಂಟಪದವರೆಗೆ ನಡೆಸುತ್ತಾರೆ. ಜಂಬೂಸವಾರಿಯ ನೂಕುನುಗ್ಗಲು ಅವ್ವನಿಗೆ ಆಗುತ್ತಿರಲಿಲ್ಲ. ಅವಳ ದಸರಾ ಎಂದರೆ ಈ ತಾಲೀಮು. ಅಂಬಾರಿ ಹೊರುವ ಆನೆಗಳೆಲ್ಲ ಹೆಸರಿನಿಂದ ಗೊತ್ತು. 1998ರಲ್ಲಿ ದ್ರೋಣ ವಿದ್ಯುತ್ ತಂತಿ ತಗುಲಿ ಸತ್ತಾಗ ಅವತ್ತು ಮನೆಯಲ್ಲಿ ಒಗ್ಗರಣೆ ಹಾಕಲಿಲ್ಲ. ಆಮೇಲೆ ಬಲರಾಮ ಅವಳಿಗೆ ಅಚ್ಚುಮೆಚ್ಚು, ಸಂಕೋಚದ ಆನೆ ಎಂದು. 2023ರ ಡಿಸೆಂಬರಿನಲ್ಲಿ ಅರ್ಜುನ ಕಾಡಾನೆಯ ಜೊತೆ ಕಾದಾಡಿ ಸತ್ತ ಸುದ್ದಿ ಬಂದಾಗ ಅವಳಾಗಲೇ ಹಾಸಿಗೆ ಹಿಡಿಯುತ್ತಿದ್ದಳು. ಟಿವಿ ಆರಿಸಿ, "ಕೆಲ್ಸ ಮಾಡ್ತಾ ಮಾಡ್ತಾನೇ ಹೋದ" ಎಂದಳು. ಅಭಿಮನ್ಯು ಮುಂದೆ ಹಾದುಹೋದಾಗ ಮಗಳು ಕೈಮುಗಿದಳು. ಅದು ಅಜ್ಜಿ ಕಲಿಸಿದ್ದು.

ಭಾನುವಾರ

ವಿದ್ಯಾರಣ್ಯಪುರಂನ ಮನೆ. ನಾಲ್ಕೂವರೆಗೇ ಎದ್ದು ನಾನೂ ತಮ್ಮನ ಹೆಂಡತಿಯೂ ಒಲೆ ಹಚ್ಚಿದೆವು. ಕಜ್ಜಾಯಕ್ಕೆ ಅಕ್ಕಿಯನ್ನು ಮೊದಲೇ ನೆನೆಹಾಕಿಸಿದ್ದೆ. ನೆರಳಲ್ಲಿ ಆರಿಸಿ, ಇನ್ನೂ ಪಸೆ ಇರುವಾಗಲೇ ಹಿಟ್ಟು ಮಾಡಿಸಬೇಕು. ಪಾಕಕ್ಕೆ ಶುಕ್ರವಾರದ ಬೆಲ್ಲ. ಅಪ್ಪ ಅಡುಗೆಮನೆಯ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಪಾಕವನ್ನು ನೀರಿಗೆ ಬಿಟ್ಟು ಮಗಳು ಉಂಡೆ ಕಟ್ಟಿದಳು, ಆಲೆಮನೆಯಲ್ಲಿ ಕಂಡದ್ದನ್ನೇ. ಎಳ್ಳು, ಗಸಗಸೆ ಹಾಕಿ ಕಲಸಿ, ತಟ್ಟಿ, ಕರಿದು, ಎರಡು ಜಾಲರಿ ಸೌಟುಗಳ ನಡುವೆ ಒತ್ತಿ ಎಣ್ಣೆ ತೆಗೆದೆವು.

ನಡುಮನೆಯಲ್ಲಿ ಅವ್ವನ ಹೊಲಿಗೆ ಮಿಷನ್ ಇದ್ದ ಜಾಗದಲ್ಲೇ ಎಡೆ. ಆ ಮಿಷನ್ನಿನ ಬಗ್ಗೆ ಹೇಳಲೇಬೇಕು. ಏಳನೇ ಕ್ಲಾಸು ಓದಿದ್ದ ಅವ್ವ ಚೀಟಿ ಎತ್ತಿದ ದುಡ್ಡಲ್ಲಿ ಅದನ್ನು ಕೊಂಡು, ಬೀದಿಯವರ ರವಿಕೆ ಹೊಲಿದು, ಸೀರೆಗೆ ಫಾಲ್ಸ್ ಹಾಕಿ, ಕುಚ್ಚು ಕಟ್ಟಿ ನನ್ನನ್ನು ಮಹಾರಾಣಿ ಕಾಲೇಜಿನಲ್ಲಿ ಓದಿಸಿದಳು. ಪಕ್ಕದಲ್ಲಿ ರೇಡಿಯೊ ಸದಾ ಹಾಡುತ್ತಿತ್ತು. 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಲ್ಲೇ ಶುರುಮಾಡಿದ ಮೈಸೂರು ಆಕಾಶವಾಣಿ. ಹೊಲ ಬಿಟ್ಟು ಬಂದು ಎಷ್ಟೋ ವರ್ಷವಾಗಿದ್ದರೂ ಅವಳು ತಪ್ಪಿಸದಿದ್ದುದು ಕೃಷಿರಂಗ. ಭತ್ತಕ್ಕೆ ಬೆಂಕಿರೋಗ ಬಂದಿದೆಯೆಂದು ಕೇಳಿದರೆ ತಮ್ಮನಿಗೆ ಕಾಗದ ಬರೆಯುತ್ತಿದ್ದಳು. ನನಗೆ ಅವಳು ಕಾಣುವುದು ಹೀಗೆ: ಕಾಲು ಪೆಡಲ್ ಮೇಲೆ, ಬಾಯಲ್ಲಿ ಗುಂಡುಸೂಜಿ, ಕಿವಿ ರೇಡಿಯೊಗೆ, ಕಣ್ಣು ನನ್ನ ಪುಸ್ತಕದ ಮೇಲೆ.

ಕಳಶ, ಫೋಟೋ, ಹೊಸ ಸೀರೆ, ಪಂಚೆ ಇಟ್ಟೆವು. ಬಾಳೆಲೆಯ ಮೇಲೆ ಮುದ್ದೆ, ನಾಟಿಕೋಳಿ ಸಾರು, ಉಪ್ಸಾರು, ಖಾರ, ಕಜ್ಜಾಯ, ಪಾಯಸ, ರಸಬಾಳೆ. ಮುದುರಿದ್ದ ಒಂದು ಮದ್ದೂರು ವಡೆಯನ್ನೂ ಅಪ್ಪ ತಾವೇ ಇಟ್ಟರು. ಎಲ್ಲರೂ ಒಬ್ಬೊಬ್ಬರಾಗಿ ಕೆಂಡಕ್ಕೆ ಸಾಂಬ್ರಾಣಿ ಹಾಕಿ ಅಡ್ಡಬಿದ್ದು, ಬಾಗಿಲು ಮುಂದೆ ಮಾಡಿ ಹೊರಗೆ ಬಂದು ನಿಂತೆವು.

ಅಷ್ಟರಲ್ಲಿ ಮಾವನ ಮಗಳು ಬಂದಳು. ರಾತ್ರಿಪಾಳಿ ಮುಗಿಸಿ, ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡು, ಮಗುವನ್ನೂ ಕರೆದುಕೊಂಡು ಬಂದಿದ್ದಳು. ಅವಳ ಮುಂದೆ ನಾವು ಯಾರೂ ಖುಲಾಸೆ ಪತ್ರದ ಮಾತೆತ್ತಲಿಲ್ಲ. ಅವಳೇ ಹೇಳಿದಳು, ಮಾವ ಫೋನ್ ಮಾಡಿದ್ದರೆಂದು. "ನಂಗೆ ಮೊದ್ಲಿಂದ್ಲೂ ಗೊತ್ತಿತ್ತು ಅಕ್ಕ. ಅತ್ತೇನೇ ಹೇಳಿದ್ರು. ಹಾಸ್ಟೆಲ್‌ಗೆ ಸೇರ್ಸೋಕ್ ಬಂದಾಗ, 'ಇದು ನಿಮ್ಮಪ್ಪನ್ ದುಡ್ಡಲ್ಲ, ನನ್ ದುಡ್ಡೂ ಅಲ್ಲ. ನಿಮ್ ತಾತನ್ ಗದ್ದೆ ನಿನ್ ಹೆಸ್ರಿಗ್ ಬಂತು ಅಂತ ತಿಳ್ಕೊ, ಫೇಲಾಗ್ಬೇಡ' ಅಂದ್ರು. ನನ್ ಯೂನಿಫಾರ್ಮ್ ಎಲ್ಲಾ ಇದೇ ಮಿಷನ್ನಲ್ಲೇ ಹೊಲ್ದಿದ್ದು. ತಿಂಗಳಿಗೊಂದ್ಸಲ ಖಾರದ ಡಬ್ಬ ಹಿಡ್ಕೊಂಡ್ ಬರೋರು, ಮಾರ್ಕ್ಸ್ ಕಾರ್ಡ್ ಕೇಳೋರು."

"ನಂಗ್ಯಾರೂ ಹೇಳ್ಲಿಲ್ಲ" ಎಂದರು ಅಪ್ಪ. ಸಿಟ್ಟಿರಲಿಲ್ಲ ಧ್ವನಿಯಲ್ಲಿ.

"ಅತ್ತೆ ಹೇಳ್ಬೇಕು ಅಂತಾನೇ ಇದ್ರು, ಮಾವ. ಸಾಲ ತೀರ್ಲಿ ಅಂತಿದ್ರು. ಸಾಲ ತೀರದ್ ಮ್ಯಾಲೆ, ಈಗ ಹೇಳಿದ್ರೆ ಬೇಜಾರ್ ಮಾಡ್ಕತಾರೆ ಅಂತಿದ್ರು."

ಬಾಗಿಲು ತೆಗೆದೆವು. ಎಲೆ ಹಾಕುವ ಹೊತ್ತಿಗೆ ಮೊದಲ ಪಂಕ್ತಿಗೆ ಯಾರು ಎಂಬ ಮಾತು ಬಂತು. ಬೀಗರು ಇದ್ದರು, ಬೀದಿಯ ಹಿರಿಯರು ಇದ್ದರು, ಹನ್ನೊಂದನೇ ದಿನ ಆ ಮಾತಾಡಿದ್ದ ನೆಂಟರೂ ಬಂದಿದ್ದರು. ಅಪ್ಪ ಎಲ್ಲರನ್ನೂ ಕೂರಿಸಿ, ಎಡೆಯ ಪಕ್ಕದ ಎಲೆಗೆ ಮಾವನ ಮಗಳನ್ನು ಕರೆದರು. ಅವಳು ಹಿಂಜರಿದಳು. "ಕೂತ್ಕೊ ಮಗ, ರಾತ್ರಿಯೆಲ್ಲ ನಿಂತಿದ್ದೀಯ" ಎಂದರು. ಆಮೇಲೆ ಆ ನೆಂಟರ ಎದುರಿಗೆ ಬಂದು ಕೂತು, ಪಾಂಡವಪುರದ ಸಬ್‌ರಿಜಿಸ್ಟ್ರಾರ್ ಆಫೀಸಿನ ಮುಂದೆ ನಡೆದದ್ದನ್ನು ಮೊದಲಿಂದ ಕೊನೆಯವರೆಗೆ ಹೇಳಿದರು. ಮಾವ ಆಡಿದ ಮಾತುಗಳಲ್ಲೇ ಹೇಳಿದರು, ನಡುವೆ ಎಲ್ಲೂ ನಿಲ್ಲಿಸಲಿಲ್ಲ. ನೆಂಟರು ಕೈಯಲ್ಲಿ ತುತ್ತು ಹಿಡಿದುಕೊಂಡೇ ಕೇಳಿದರು.

ಸಂಜೆ ಮಾವನ ಮಗಳಿಗೆ ಮತ್ತೆ ಡ್ಯೂಟಿ. ಅಪ್ಪ ದೊಡ್ಡ ಡಬ್ಬದ ತುಂಬ ಕಜ್ಜಾಯ ತುಂಬಿದರು, ವಾರ್ಡಿನವರಿಗೆಲ್ಲ ಸಾಕಾಗಬೇಕೆಂದು. ಖಾರವನ್ನು ಬೇರೆ ಕಟ್ಟಿದರು. ಅವಳ ಮಗುವನ್ನು ನನ್ನ ಮಗಳು ಎತ್ತಿಕೊಂಡಳು. ಮೂವರನ್ನೂ ಬಸ್ಸಿಗೆ ಹತ್ತಿಸಲು ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟರು.